ನೋವನ್ನು ಅಳೆಯುವ ಮುನ್ನ

ಗುಣವಾಗದ ಕಾಯಿಲೆಯಿಂದ ಹಾಸಿಗೆ ಹಿಡಿದವರ ನೋವನ್ನು ತಗ್ಗಿಸಿ, ಉಳಿದಿರುವ ದಿನಗಳನ್ನು ಅವರು ಮಾನವ ಘನತೆಯಿಂದ ಕಳೆಯಲು ನೆರವಾಗುವ ಶುಶ್ರೂಷೆಗೆ ಉಪಶಾಮಕ ಆರೈಕೆ ಎಂದು ಹೆಸರು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯೂ 1999ರಲ್ಲಿ ಬಾಗಿಲು ತೆರೆದ ಕರುಣಾಶ್ರಯವೂ ಈ ಸೇವೆಯನ್ನು ಸಲ್ಲಿಸುತ್ತ ಬಂದಿವೆ. ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಹಳ್ಳಿಗಳಲ್ಲಿ ಇಂತಹ ರೋಗಿಗಳಲ್ಲಿ ಅನೇಕರು ಮಲಗಿರುವುದು ತಮ್ಮ ಮನೆಯ ನಡುಮನೆಯಲ್ಲೇ. ಅವರ ದಾದಿಯರೆಂದರೆ ಹೆಂಡತಿ, ಮಗಳು, ಇಲ್ಲವೇ ಸೊಸೆ. ಇಂತಹ ಮನೆಗಳಿಗೆ ಯಾವ ಬಗೆಯ ಆರೈಕೆ ಒದಗಬೇಕೆಂಬುದನ್ನು ತಿಳಿಯಲು ಸಂಶೋಧನೆ ನಡೆಯಲೇಬೇಕು. ಅದು ಹೇಗೆ ನಡೆಯಬೇಕೆಂಬುದೇ ನಮ್ಮ ಇಂದಿನ ವಿಚಾರ.

'ಮೊದಲು ಮಾಹಿತಿ ಕಲೆಹಾಕೋಣ, ಸಿದ್ಧಾಂತದ ಮಾತು ಆಮೇಲಿರಲಿ' ಎನ್ನುವವರುಂಟು. ನಾವು ಈ ಅಭಿಪ್ರಾಯವನ್ನು ಒಪ್ಪುವುದಿಲ್ಲ. 1799ರ ತರುವಾಯ ಶ್ರೀರಂಗಪಟ್ಟಣದ ಸೀಮೆಯಲ್ಲಿ ಸೇವೆ ಸಲ್ಲಿಸಿದ, ಜನರು 'ದೊಡ್ಡ ಸ್ವಾಮಿಯವರು' ಎಂದು ಕರೆಯುತ್ತಿದ್ದ ಅಬ್ಬೆ ದುಬಾಯ್‌ರವರು ಸಿಡುಬಿನ ಲಸಿಕೆಯ ಪ್ರಚಾರಕ್ಕೆ ಹೆಗಲು ಕೊಟ್ಟರು. ಅಲ್ಲಿ ಎಣಿಸಬೇಕಾದದ್ದೇನು ಎಂಬುದರಲ್ಲಿ ಗೊಂದಲವಿರಲಿಲ್ಲ. ಲಸಿಕೆ ಹಾಕಿಸಿಕೊಂಡವರಿಗೆ ಸಿಡುಬು ಬಂದಿತೇ ಇಲ್ಲವೇ, ಇಷ್ಟೇ. ಉಪಶಾಮಕ ಆರೈಕೆಯಲ್ಲಾದರೋ ರೋಗಿ ಗುಣವಾಗುವುದಿಲ್ಲವೆಂಬುದು ಮೊದಲೇ ಗೊತ್ತು. ಹಾಗಾದರೆ ಯಾವುದನ್ನು ಯಶಸ್ಸೆಂದು ಎಣಿಸಬೇಕು? ನೋವು ಕಡಿಮೆಯಾದದ್ದನ್ನೇ? ನಿದ್ರೆ ಬಂದದ್ದನ್ನೇ? ಮುನಿಸಿಕೊಂಡಿದ್ದ ತಮ್ಮ ಮನೆಗೆ ಬಂದು ಮಾತಾಡಿಸಿದ್ದನ್ನೇ? ಈ ಪ್ರಶ್ನೆಗೆ ಉತ್ತರ ಕೊಡುವುದು ಸಿದ್ಧಾಂತವೇ ಹೊರತು ಲೆಕ್ಕಾಚಾರವಲ್ಲ. ಹಲವು ಅಂಗಗಳುಳ್ಳ ಚಿಕಿತ್ಸಾಕ್ರಮಗಳನ್ನು ಪರೀಕ್ಷಿಸಲು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 2000ದಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಸಿದ್ಧಾಂತವನ್ನೇ ಮೊದಲ ಮೆಟ್ಟಿಲಾಗಿ ಇರಿಸಿತು.

ಉದಾಹರಣೆಗೆ, 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಆಶ್ರಯಧಾಮವನ್ನು ತೆರೆದ ಸಿಸಿಲಿ ಸಾಂಡರ್ಸ್‌ರವರು 'ಸಮಗ್ರ ನೋವು' ಎಂಬ ವಿಚಾರವನ್ನು ಮುಂದಿಟ್ಟರು. ದೇಹದ ನೋವು, ಮನಸ್ಸಿನ ನೋವು, ಸಂಸಾರದ ಚಿಂತೆ, ಆತ್ಮದ ತಳಮಳ ಇವು ನಾಲ್ಕೂ ಹೆಣೆದುಕೊಂಡಿರುತ್ತವೆ ಎಂಬುದು ಅದರ ಸಾರ. ನಮ್ಮ ಕಡೆಯ ಒಬ್ಬ ಕಬ್ಬು ಬೆಳೆಗಾರನನ್ನು ಊಹಿಸಿಕೊಳ್ಳಿ. ನೋವೆಷ್ಟೆಂದು ಹತ್ತು ಅಂಕಗಳಲ್ಲಿ ಹೇಳಬೇಕೆಂದು ಕೇಳಿದರೆ ಆತ ಮೂರು ಎನ್ನುತ್ತಾನೆ. ಹೆಚ್ಚು ಹೇಳಿದರೆ ಆಸ್ಪತ್ರೆಗೆ ಹೊರಡಿಸುತ್ತಾರೆ, ಹೆಂಡತಿಯ ಒಂದು ದಿನದ ಕೂಲಿ ಹೋಗುತ್ತದೆ, ಸಾಲ ಬೆಳೆಯುತ್ತದೆ ಎಂಬ ಅಂಜಿಕೆ ಆತನದು. ದೇಹವನ್ನಷ್ಟೇ ನೋಡುವ ಸಂಶೋಧಕ ಮೂರು ಎಂದು ಬರೆದುಕೊಂಡು ಹೋಗುತ್ತಾನೆ. ಸಮಗ್ರ ನೋವನ್ನು ಬಲ್ಲವನು ಸಾಲದ ಮಾತನ್ನೂ ಕೇಳುತ್ತಾನೆ. ಆಗ ಆ ಮೂರರ ನಿಜವಾದ ಅರ್ಥ ತಿಳಿಯುತ್ತದೆ.

ಪರದೇಶದ ಸಿದ್ಧಾಂತವನ್ನು ಹಾಗೆಯೇ ಎತ್ತಿ ತಂದರೂ ಸಾಲದು. ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯ ಸಂತೋಷ್ ಚತುರ್ವೇದಿಯವರು ಕ್ಯಾನ್ಸರ್ ಕುರಿತಾಗಿ ಭಾರತೀಯರ ಬಾಳಿಗೆ ಯಾವುದು ಮುಖ್ಯವೆಂದು ವಿಚಾರಿಸಿ 1991ರಲ್ಲಿ ಲೇಖನ ಪ್ರಕಟಿಸಿದರು. ದೇಹದ ಕಾರ್ಯಶಕ್ತಿಗಿಂತ ಮನಃಶಾಂತಿ, ಆಧ್ಯಾತ್ಮಿಕ ತೃಪ್ತಿ, ಕುಟುಂಬದ ನೆಮ್ಮದಿಗಳನ್ನು ಜನ ಹೆಚ್ಚಾಗಿ ಎಣಿಸುತ್ತಾರೆಂದು ಅದರಲ್ಲಿ ಕಂಡುಬಂದಿತು. ನಡೆಯಬಲ್ಲಿರಾ, ಮೆಟ್ಟಿಲು ಹತ್ತಬಲ್ಲಿರಾ ಎಂದಷ್ಟೇ ಕೇಳುವ ಪ್ರಶ್ನಾವಳಿ ಇಂತಹ ಜನರ ಹೃದಯವನ್ನು ಮುಟ್ಟಲಾರದು.

ಇನ್ನೊಂದು ಸೂಕ್ಷ್ಮ ವಿಷಯವಿದೆ. ಅಮೆರಿಕದ ಸಮಾಜಶಾಸ್ತ್ರಜ್ಞರಾದ ಗ್ಲೇಸರ್ ಮತ್ತು ಸ್ಟ್ರಾಸ್ ಆಸ್ಪತ್ರೆಗಳಲ್ಲಿ ಸಾಯುತ್ತಿರುವವರ ನಡುವೆ ಅಧ್ಯಯನ ನಡೆಸಿ 1965ರಲ್ಲಿ ಗ್ರಂಥವೊಂದನ್ನು ಹೊರತಂದರು. ರೋಗಿಗೆ ಏನೂ ತಿಳಿಯದಿರುವುದು, ಆತನಿಗೆ ಸಂಶಯ ಮೂಡುವುದು, ಇಬ್ಬರಿಗೂ ತಿಳಿದಿದ್ದೂ ತಿಳಿಯದವರಂತೆ ನಟಿಸುವುದು, ಮುಚ್ಚುಮರೆಯಿಲ್ಲದೆ ಮಾತಾಡುವುದು ಎಂದು ನಾಲ್ಕು ಸ್ಥಿತಿಗಳನ್ನು ಅವರು ಗುರುತಿಸಿದರು. 'ಅಪ್ಪನಿಗೆ ಹೇಳಬೇಡಿ ಸ್ವಾಮಿ' ಎಂದು ಬಾಗಿಲಲ್ಲೇ ಪಿಸುಗುಟ್ಟುವ ಮಕ್ಕಳು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟು ಮಂದಿಯಿಲ್ಲ! ಒಳಗೆ ಮಲಗಿರುವ ಅಪ್ಪನಿಗೆ ಎಲ್ಲವೂ ಗೊತ್ತಿರಲೂಬಹುದು. ಈ ತಿಳಿವಳಿಕೆಯಿಲ್ಲದೆ 'ನಿಮ್ಮ ಕ್ಯಾನ್ಸರ್' ಎಂದು ಪ್ರಶ್ನೆ ಆರಂಭಿಸುವ ಸಂಶೋಧಕ ಒಂದು ಮನೆಯ ಶಾಂತಿಯನ್ನೇ ಕದಡಿಯಾನು. ಯಾರೊಡನೆ ಏನನ್ನು, ಹೇಗೆ ಕೇಳಬೇಕೆಂಬುದು ಹೊರಡುವ ಮುನ್ನವೇ ನಿರ್ಧಾರವಾಗಬೇಕು.

ಹಾಗೆಂದು ಸಿದ್ಧಾಂತವೇ ಸರ್ವಸ್ವವೆಂದು ನಾವು ಹೇಳುತ್ತಿಲ್ಲ. ಯೋಬನ ಗೆಳೆಯರ ಬಳಿಯೂ ಸಿದ್ಧಾಂತವಿತ್ತು: ಕಷ್ಟ ಬಂದವನು ಪಾಪ ಮಾಡಿರಲೇಬೇಕು. ಏಳು ದಿನ ಅವರು ಮೌನವಾಗಿ ಆತನ ಬಳಿ ಕುಳಿತಿದ್ದು ಒಳ್ಳೆಯದೇ ಆಯಿತು. ಬಾಯಿ ತೆರೆದ ಮೇಲೆ ಮಾತ್ರ ಎದುರಿಗಿದ್ದ ಯೋಬನ ಮಾತಿಗೆ ಕಿವಿಗೊಡದೆ ತಮ್ಮ ಸಿದ್ಧಾಂತವನ್ನೇ ಕಾಪಾಡಿಕೊಂಡರು. 'ಸಿದ್ಧಾಂತ' ಎಂಬ ನಮ್ಮ ಶಬ್ದದಲ್ಲಿ ತೀರ್ಮಾನವಾಗಿ ಮುಗಿದದ್ದು ಎಂಬ ಧ್ವನಿಯಿದೆ. ಗ್ರೀಕರ 'ಥಿಯೋರಿಯಾ' ಎಂಬ ಶಬ್ದಕ್ಕಾದರೋ ನೋಡುವುದು ಎಂದರ್ಥ. ಸಂಶೋಧಕನಿಗೆ ಬೇಕಾದದ್ದು ಈ ಎರಡನೆಯದು. ರೋಗಿಯ ಮಾತು ತನ್ನ ಊಹೆಯನ್ನು ಸುಳ್ಳು ಮಾಡಿದರೆ ಆತ ಊಹೆಯನ್ನು ತಿದ್ದಿಕೊಳ್ಳಬೇಕು, ರೋಗಿಯನ್ನಲ್ಲ.

ಸಾಯುತ್ತಿರುವವರಿಗೆ ಒಂದು ಗಂಟೆಯೆಂದರೆ ಸಣ್ಣ ಸಂಗತಿಯಲ್ಲ. ಆ ಗಂಟೆಯಲ್ಲಿ ಮೊಮ್ಮಗಳ ಕೈ ಹಿಡಿಯಬಹುದು, ಜಪಸರ ಹೇಳಬಹುದು, ಸುಮ್ಮನೆ ಕಣ್ಣು ಮುಚ್ಚಬಹುದು. ಯೋಚಿಸದೆ ರೂಪಿಸಿದ ಪ್ರಶ್ನಾವಳಿಗಾಗಿ ಅದನ್ನು ಕಸಿದುಕೊಳ್ಳುವುದು ಅನ್ಯಾಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೀತಿಸೂಚಿಯೂ ಅಂತಿಮ ಹಂತದ ರೋಗಿಗಳನ್ನು ವಿಶೇಷ ರಕ್ಷಣೆ ಬೇಕಾದವರ ಸಾಲಿನಲ್ಲಿ ಸೇರಿಸಿದೆ.

ಆದುದರಿಂದ ಕ್ರೈಸ್ತ ಕುಟುಂಬಗಳಲ್ಲಿ ನಮ್ಮದೊಂದು ವಿನಂತಿ. ಕಾಗದ ಪತ್ರ ಹಿಡಿದು ಬಂದವರನ್ನು ಬಾಗಿಲಿಂದಲೇ ಅಟ್ಟಬೇಡಿ. ಅವರ ಶ್ರಮದಿಂದ ನಾಳೆ ನೆರೆಮನೆಯ ರೋಗಿಗೆ ಒಳಿತಾದೀತು. ಕೇಳಿದ ಕೂಡಲೇ ಸಹಿಯನ್ನೂ ಹಾಕಬೇಡಿ. ಏನನ್ನು ತಿಳಿಯಲು ಬಂದಿದ್ದೀರಿ? ಈ ಪ್ರಶ್ನೆಗಳನ್ನೇ ಏಕೆ ಆರಿಸಿಕೊಂಡಿರಿ? ಇದರಿಂದ ನಮ್ಮಂಥವರಿಗೆ ಏನಾದೀತು? ಈ ಮೂರನ್ನು ವಿನಯದಿಂದ ಕೇಳಿ. ಚೆನ್ನಾಗಿ ಯೋಚಿಸಿ ಬಂದವರು ಸಂತೋಷದಿಂದ ಉತ್ತರಿಸುವರು. ಉತ್ತರವಿಲ್ಲದವರು ಇನ್ನಷ್ಟು ಯೋಚಿಸಿ ಮತ್ತೆ ಬರಲಿ.