ಎಲೆ ರೈತನದು, ದರ ಯಾರದು?

ನಿಪ್ಪಾಣಿಯ ತಂಬಾಕಿನ ವಖಾರಿಗಳ ಮುಂದೆ ಹಾಯುವಾಗ ನಮ್ಮ ವಾಚಕರು ಮೂಗಿಗೆ ವಸ್ತ್ರ ಹಿಡಿಯುವರು. ಅದೇ ಧೂಳಿಯೊಳಗೆ ಕುಳಿತು ಎಲೆಯನ್ನು ಬಡಿದು, ಜರಡಿ ಹಿಡಿದು ದಿನಗಳೆಯುವ ಹೆಂಗಸರ ನೆನಪು ಎಷ್ಟು ಜನರಿಗೆ ಆಗುವುದೋ ನಾವರಿಯೆವು. ಆ ಎಲೆಗೆ ದರ ಕಟ್ಟುವವರು ಯಾರೆಂದು ಕೇಳುವವರಂತೂ ಇನ್ನೂ ವಿರಳ. ಪ್ರಶ್ನೆ ನಮ್ಮ ಸೀಮೆಯೊಂದರದೇ ಅಲ್ಲ. ಚೀನದ ಕಡೆಯ ಎರಡು ರಾಜವಂಶಗಳ ಕಾಲದಲ್ಲಿಯೂ ಇದೇ ಎಲೆ ಇಂಥದೇ ತೊಡಕನ್ನು ತಂದಿತ್ತು.

1581ರಲ್ಲಿ ಮಿಂಗ್ ಮಂತ್ರಿಯಾದ ಜಾಂಗ್ ಜುಜೆಂಗನು, ಧಾನ್ಯ ಮತ್ತು ಬಿಟ್ಟಿದುಡಿಮೆಗಳ ಬದಲು ಬೆಳ್ಳಿಯಲ್ಲಿ ಕಂದಾಯ ತೆರುವ ಪದ್ಧತಿಯನ್ನು ದೇಶಕ್ಕೆಲ್ಲ ಹಬ್ಬಿಸಿದನು. ಬೆಳ್ಳಿ ಹೊಲದಲ್ಲಿ ಬೆಳೆಯದಷ್ಟೆ! ಪೇಟೆಯಲ್ಲಿ ಏನನ್ನಾದರೂ ಮಾರಿಯೇ ತರಬೇಕು. ಅಮೇರಿಕದ ಈ ಗಿಡವು ಫಿಲಿಪೈನ್ಸ್ ದ್ವೀಪಗಳಿಂದ ಫೂಜಿಯನ್ ಕರಾವಳಿಗೆ ಬಂದಿಳಿದದ್ದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ. ಚೋಂಗ್‌ಜೆನ್ ಅರಸನು ನಿಷೇಧಿಸಿ ನೋಡಿದನು, ಆಜ್ಞೆ ನಿಲ್ಲಲಿಲ್ಲ. ಭತ್ತದ ಒಳ್ಳೆಯ ನೆಲವನ್ನು ತಂಬಾಕು ನುಂಗುತ್ತಿದೆಯೆಂದು ಮುಂದೆ ಚಿಂಗ್ ಕಾಲದ ವಿದ್ವಾಂಸರು ಗೊಣಗಿದರು. ಶಾನ್‌ಡಾಂಗ್ ಪ್ರಾಂತದ ಜಿನಿಂಗ್ ಪಟ್ಟಣದಲ್ಲಿ ಆರು ಮಳಿಗೆಗಳು ನಾಲ್ಕು ಸಾವಿರ ಆಳುಗಳನ್ನಿಟ್ಟು ಈ ವ್ಯಾಪಾರ ನಡೆಸುತ್ತಿದ್ದುದನ್ನು 1829ರ ಸುಮಾರಿಗೆ ಬಾವ್ ಶಿಚೆನ್ ಎಂಬ ಪಂಡಿತನು ಬರೆದಿಟ್ಟಿದ್ದಾನೆ. ಬೆಳೆಗಾರರು ಅಸಂಖ್ಯ, ಮಳಿಗೆಗಳು ಆರು! ದರ ಯಾರ ಕೈಯಲ್ಲಿ ಉಳಿಯುವುದೆಂಬುದಕ್ಕೆ ಬೇರೆ ಲೆಕ್ಕ ಬೇಕೆ?

ನಮ್ಮ ಚಿಕ್ಕೋಡಿ, ಅಥಣಿಗಳಲ್ಲಿ ಆ ಬೆಳ್ಳಿಯ ಕೆಲಸವನ್ನು ಮುಂಬಯಿ ಸರಕಾರದ ರೈತವಾರಿ ಕಂದಾಯವು ಮಾಡಿತು. ರೊಕ್ಕದ ಬೆಳೆಯೇ ರೈತನ ಗತಿಯಾಯಿತು. 1943ರಲ್ಲಿ ದೊರೆತನವು ಎಲೆಯ ಮೇಲೆಯೂ ಅಬಕಾರಿ ಸುಂಕವನ್ನು ಹೇರಿತು. ಸ್ವರಾಜ್ಯ ಬಂದ ಮೇಲೆಯೂ ಅದು 1979ರ ವರೆಗೆ ಉಳಿಯಿತೆಂಬುದು ನಾಚಿಕೆಯ ಮಾತು. ಉತ್ಪಾದನೆಯ ವೆಚ್ಚಕ್ಕೆ ತಕ್ಕ ದರ ಬೇಕೆಂದು 1981ರಲ್ಲಿ ಶರದ್ ಜೋಶಿಯವರ ಮುಂದಾಳುತನದಲ್ಲಿ ರೈತರು ನಿಪ್ಪಾಣಿಯ ಬಳಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕುಳಿತರು. ಏಪ್ರಿಲಿನಲ್ಲಿ ಗುಂಡು ಹಾರಿತು, ರೈತರು ಸತ್ತರು.

ಇಂದಿಗೂ ಮೈಸೂರಿನ ಕಡೆಯ ವರ್ಜೀನಿಯಾ ಎಲೆಗೆ ತಂಬಾಕು ಮಂಡಳಿಯ ಹರಾಜು ಕಟ್ಟೆಗಳುಂಟು; ನಿಪ್ಪಾಣಿಯ ಬೀಡಿ ಎಲೆಗೆ ಆ ಭಾಗ್ಯವಿಲ್ಲ. ಕೃಷ್ಣೆಯ ನೀರುಂಡ ರಾಯಬಾಗ, ಕಾಗವಾಡಗಳ ಕಬ್ಬಿಗಾದರೂ ಕೇಂದ್ರ ಸರಕಾರವು ವರುಷ ವರುಷ ದರ ಸಾರುವುದು. ಬಾಕಿಯ ಜಗಳ, ತೂಕದ ಜಗಳ ಅಲ್ಲಿಯೂ ಇಲ್ಲದಿಲ್ಲ. ಆದರೂ ಜಗಳವಾಡುವವನ ಕೈಯಲ್ಲಿ ಒಂದು ಅಂಕಿಯಿರುತ್ತದೆ.

ತಂಬಾಕು ವಿಷವಲ್ಲವೆ, ಅದಕ್ಕೇಕೆ ಈ ವಕಾಲತ್ತು ಎಂದು ಅಧಿಕಾರಿ ಮಿತ್ರರು ಕೇಳಬಹುದು. ವಿಷವೆಂಬುದು ನಿಜ, ಬೀಡಿಯ ಚಟಕ್ಕೆ ನಾವು ಮಿತ್ರರಲ್ಲ. ಆದರೆ ಆ ಬೀಡಿಯ ಮೇಲಿನ ತೆರಿಗೆಯನ್ನು ಸರಕಾರವು ವಿಷವೆಂದು ದೂರವಿರಿಸಿಲ್ಲ. ರೈತನು ಬೇರೆ ಬೆಳೆಗೆ ಹೊರಳುವ ವರೆಗಾದರೂ ಬಹಿರಂಗ ಹರಾಜು ನಡೆಯಲಿ, ದಿನದ ದರವನ್ನು ಪೇಟೆಯ ಹಲಗೆಯ ಮೇಲೆ ಬರೆಯಲಿ, ತೂಗಿದ ದಿನವೇ ಹಣ ಎಣಿಸಿ ಕೊಡಲಿ.