ಹೆಸರಿಗೂ ಮೊದಲು ಮದುವೆಯ ಪ್ರಶ್ನೆ ಏಕೆ?

ಹೆಸರಿನ ಮುಂದೆ ‘ಕುಮಾರಿ’, ‘ಶ್ರೀಮತಿ’ ಎಂದು ನಮೂದಿಸುವಂತೆ ಮಹಿಳೆಯರನ್ನು ಕೇಳಬಾರದು ಎಂದು ಕೋರಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ವಜಾಗೊಳಿಸಿತು. ಇದು ಅವರವರ ಆಯ್ಕೆಗೆ ಬಿಟ್ಟದ್ದು ಎಂಬುದು ಪೀಠದ ಅಭಿಪ್ರಾಯ. ಆದರೆ, ‘ಶ್ರೀ/ಶ್ರೀಮತಿ/ಕುಮಾರಿ’ ಎಂದು ಅಚ್ಚು ಹಾಕಿ, ‘ಅನ್ವಯಿಸದಿರುವುದನ್ನು ಹೊಡೆದುಹಾಕಿ’ ಎನ್ನುವ ಅರ್ಜಿ ನಮೂನೆಯ ಎದುರು ಆ ಆಯ್ಕೆ ಉಳಿಯುವುದಿಲ್ಲ. ಪುರುಷ ಮದುವೆಗೆ ಮುನ್ನವೂ ನಂತರವೂ ‘ಶ್ರೀ’ಯೇ, ವಿಚ್ಛೇದಿತೆ ಮಾತ್ರ ಯಾವುದನ್ನು ಹೊಡೆದುಹಾಕಲಿ ಎಂದು ಪೆನ್ನು ಹಿಡಿದು ತಡವರಿಸಬೇಕು.

ಫ್ರಾನ್ಸ್ ಸರ್ಕಾರ 2012ರಲ್ಲೇ, ಅವಿವಾಹಿತೆಯನ್ನು ಸೂಚಿಸುವ ‘ಮದ್‌ಮ್ವಾಸೆಲ್’ ಪದವನ್ನು ಕಚೇರಿ ನಮೂನೆಗಳಿಂದ ಕೈಬಿಡಲು ಸುತ್ತೋಲೆ ಹೊರಡಿಸಿತು. ನ್ಯಾಯಾಲಯದ ಆದೇಶಕ್ಕೆ ಕಾಯದೆ ನಮ್ಮ ಸರ್ಕಾರಗಳೂ ಹಾಗೆಯೇ ಮಾಡಬೇಕು. ವೈವಾಹಿಕ ಸ್ಥಿತಿಯ ವಿವರ ಕಾನೂನಿನ ದೃಷ್ಟಿಯಿಂದ ಅಗತ್ಯವಿದ್ದಲ್ಲಿ ಪ್ರತ್ಯೇಕ ಕಾಲಂನಲ್ಲಿ, ಹೆಣ್ಣು–ಗಂಡು ಭೇದವಿಲ್ಲದೆ ಕೇಳಲಿ. ಗೌರವಸೂಚಕವು ಗೌರವವನ್ನಷ್ಟೇ ಸೂಚಿಸಬೇಕು.