ತಿಳಿದವರ ಮಾತು ನಮ್ಮ ಕಟ್ಟೆಗೂ ಬರಲಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತು. ಬೆಳಗಾಗುವುದರೊಳಗೆ ನಮ್ಮ ರಾಯದುರ್ಗ ಸೀಮೆಯ ಊರೂರಲ್ಲೂ ಫೋನುಗಳು ಬಡಕೊಳ್ಳತೊಡಗಿದವು. ಕನ್ನಡ ಚಾನೆಲ್ಲಿನವರು ಒಂದು ಕೂಗಿದರು, ತೆಲುಗಿನವರು ಇನ್ನೊಂದು ಕೂಗಿದರು. ‘ಡ್ಯಾಮೇ ಹೋಗುತ್ತಂತೆ’ ಅಂತ ಒಂದು ವಿಡಿಯೊ, ‘ಈ ವರ್ಷ ಎಚ್‌ಎಲ್‌ಸಿ ಕಾಲುವೆಗೆ ಹನಿ ನೀರಿಲ್ಲ’ ಅಂತ ಮತ್ತೊಂದು. ಎಲ್ಲವೂ ಅರ್ಧ ನಿಮಿಷದವು.

ನನ್ನ ಹೊಲದ ಪಕ್ಕದ ಹುಡುಗ ಓಡಿಬಂದ. ಮೂರೆಕರೆಗೆ ಆಗುವಷ್ಟು ಸಸಿಮಡಿ ಬಿಟ್ಟಿದ್ದ. ಕಾಲುವೆ ನೀರು ಬಿಟ್ಟರೆ ಅವನಿಗೆ ಬೇರೆ ದಿಕ್ಕಿಲ್ಲ. ‘ಏಮಿ ಚೇದ್ದಾಂ ಮಾವಾ? ನಾಟಿ ಮಾಡ್ಲೋ, ಬ್ಯಾಡೋ?’ ಅಂದ. ನಾನು ಪದ್ಯ ಬರೆಯುವವನು, ನಾಲ್ಕಕ್ಷರ ಬಲ್ಲವನು ಅನ್ನುವ ನಂಬಿಕೆ ಅವನದು. ನಾನು ಆ ವಿಡಿಯೊಗಳನ್ನೇ ನೋಡಿದ್ದವನು, ‘ಬ್ಯಾಡಪ್ಪ, ಕೂಲಿ ದುಡ್ಡೂ ಹೋದೀತು’ ಅಂದುಬಿಟ್ಟೆ. ಬೋರಿನ ನೀರಿದೆಯೆಂದು ನಾನು ಮಾತ್ರ ಅರ್ಧ ಹೊಲಕ್ಕೆ ನಾಟಿ ಮಾಡಿದೆ.

ಆಮೇಲೆ ಆಗಿದ್ದು ಎಲ್ಲರಿಗೂ ಗೊತ್ತು. ಗೇಟುಗಳ ವಿಷಯದಲ್ಲಿ ಹೆಸರಾದ ಎಂಜಿನಿಯರ್ ಕನ್ನಯ್ಯ ನಾಯ್ಡು ಅವರು ಬಂದರು. ನೀರು ಹರಿಯುತ್ತಿರುವಾಗಲೇ ಸ್ಟಾಪ್ ಲಾಗ್ ಇಳಿಸಿದರು. ಒಂದು ವಾರದಲ್ಲಿ, ಆಗಸ್ಟ್ 17ರ ಹೊತ್ತಿಗೆ, ಗಂಡಿ ಮುಚ್ಚಿತು. ಮಳೆಯೂ ಕೈಹಿಡಿಯಿತು, ಜಲಾಶಯ ಮತ್ತೆ ತುಂಬುತ್ತ ಬಂತು. ಕಾಲುವೆಗೆ ನೀರೂ ಬಂತು. ಹುಡುಗನ ಸಸಿ ಮಾತ್ರ ಮಡಿಯಲ್ಲೇ ಬಲಿತು ಹಳದಿಯಾಗಿತ್ತು. ಆ ಹಂಗಾಮಿಗೆ ಅವನ ಮೂರೆಕರೆ ಬೀಳು ಬಿತ್ತು. ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಕೆಲವು ತಿಂಗಳ ನಂತರ ಹೊಸಪೇಟೆಯ ಒಂದು ಮದುವೆಯಲ್ಲಿ ನಿವೃತ್ತ ಎಂಜಿನಿಯರರೊಬ್ಬರ ಪಕ್ಕದ ಎಲೆಗೆ ಕೂತೆ. ಊಟ ಮುಗಿದ ಮೇಲೂ ಎರಡು ಗಂಟೆ ಅವರನ್ನು ಬಿಡಲಿಲ್ಲ. ಕ್ರೆಸ್ಟ್ ಎಂದರೆ ಅಣೆಯ ನೆತ್ತಿ. ಅಲ್ಲಿ 33 ಗೇಟುಗಳಿವೆ, ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಒಂದು ಗೇಟು ಹೋದರೆ ನೆತ್ತಿಯ ಮೇಲಿನ ನೀರು ಹೋಗುತ್ತದೆಯೇ ಹೊರತು ಅದರ ಕೆಳಗಿನ ನೀರು ಎಲ್ಲಿಗೂ ಹೋಗುವುದಿಲ್ಲ. ಮುರಿದ ಗೇಟಿನ ಮೇಲೆ ಒತ್ತಡ ಇಳಿಯಲಿ ಅಂತಲೇ ಉಳಿದ ಗೇಟುಗಳನ್ನು ಎತ್ತಿ ನೀರು ಬಿಟ್ಟಿದ್ದು. ಸ್ಟಾಪ್ ಲಾಗ್ ಎಂದರೆ, ನಾವು ತೂಬಿನ ಬಾಯಿಗೆ ಹಲಗೆಯ ಮೇಲೆ ಹಲಗೆ ಇಳಿಸುತ್ತೇವಲ್ಲ, ಅದೇ, ಕಬ್ಬಿಣದ್ದು. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105.788 ಟಿಎಂಸಿಗೆ ಇಳಿದಿದೆ. ಬಚಾವತ್ ನ್ಯಾಯಾಧಿಕರಣ ಎಚ್‌ಎಲ್‌ಸಿ ಕಾಲುವೆಯಲ್ಲಿ ಆಂಧ್ರಕ್ಕೆ 32.5, ಕರ್ನಾಟಕಕ್ಕೆ 17.5 ಟಿಎಂಸಿ ಹಂಚಿತ್ತು. ಕಾಗದದಲ್ಲಿರುವಷ್ಟು ನೀರು ಕಾಲುವೆಗೆ ಏಕೆ ಬರುವುದಿಲ್ಲ ಎಂಬುದು ಅವತ್ತು ಅರ್ಥವಾಯಿತು.

ಈ ಮಾತಿನಲ್ಲಿ ಗುಟ್ಟೇನೂ ಇರಲಿಲ್ಲ. ಆಗಸ್ಟ್ 11ರಂದು ಯಾರಾದರೂ ಇಷ್ಟನ್ನು ನಿಧಾನವಾಗಿ ಹೇಳಿದ್ದರೆ ಮೂರೆಕರೆ ಬತ್ತ ಉಳಿಯುತ್ತಿತ್ತು.

ಇಂಥ ದೀರ್ಘ ಮಾತುಕತೆಗೆ ಈಗ ಪಾಡ್‌ಕ್ಯಾಸ್ಟ್ ಅನ್ನುತ್ತಾರೆ. ಬೆಂಗಳೂರಿನಲ್ಲಿರುವ ನನ್ನ ಮಗ ಕಿವಿಗೆ ಸಿಕ್ಕಿಸಿಕೊಂಡು ಅದನ್ನೇ ಕೇಳುತ್ತಾನೆ. ಇತಿಹಾಸದವರು, ವಿಜ್ಞಾನಿಗಳು, ಯುದ್ಧ-ವ್ಯಾಪಾರ ಬಲ್ಲವರು ಒಬ್ಬೊಬ್ಬರೇ ಬಂದು ಮೂರು ಮೂರು ಗಂಟೆ ಕೂತು ಮಾತಾಡುತ್ತಾರೆ. ಹೆಚ್ಚಿನವೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲೂ ಪ್ರಯತ್ನ ಆಗಿದೆ. 2018ರಲ್ಲಿ ಬೆಂಗಳೂರಿನಲ್ಲಿ ಶುರುವಾದ ‘ತಲೆ-ಹರಟೆ’ ಅಂಥದ್ದೊಂದು. ಆದರೆ ನಮ್ಮ ಎರಡೂ ಭಾಷೆಗಳಲ್ಲಿ ಗಂಟೆಗಟ್ಟಲೆ ಮಾತಾಡಿಸುವುದು ಹೆಚ್ಚಾಗಿ ಸಿನಿಮಾದವರನ್ನು, ರಾಜಕೀಯದವರನ್ನು. ಮಣ್ಣು ಬಲ್ಲವನಿಗೆ, ನೀರು ಬಲ್ಲವನಿಗೆ ಐದು ನಿಮಿಷ. ಅದರಲ್ಲೂ ಮೂರು ಸಲ ಬಾಯಿ ಹಾಕುತ್ತಾರೆ.

2025ರ ಮಾರ್ಚಿನಲ್ಲಿ ಅಮೆರಿಕದ ಲೆಕ್ಸ್ ಫ್ರಿಡ್‌ಮನ್ ನಮ್ಮ ಪ್ರಧಾನಿಯವರನ್ನು ಮೂರು ಗಂಟೆಗೂ ಮೀರಿ ಮಾತಾಡಿಸಿದ್ದು ಬಂತು. ಪ್ರಧಾನಿಯವರು ಹಿಂದಿಯಲ್ಲಿ ಹೇಳಿದ್ದನ್ನು ಯಂತ್ರದ ನೆರವಿನಿಂದ ಇಂಗ್ಲಿಷಿನಲ್ಲೂ ಕೇಳಿಸಿದರು. ದೊಡ್ಡವರ ಮಾತಿಗೆ ಇಷ್ಟು ಅನುಕೂಲ ಮಾಡಬಹುದಾದರೆ ಒಬ್ಬ ಬೀಜ ವಿಜ್ಞಾನಿಯ ಮಾತನ್ನು ಕನ್ನಡಕ್ಕೂ ತೆಲುಗಿಗೂ ತರಲು ಏನು ಅಡ್ಡಿ?

‘ರೈತನಿಗೆ ಜಗತ್ತಿನ ರಾಜಕೀಯ ಯಾಕೆ?’ ಎಂದು ಕೇಳುವವರಿದ್ದಾರೆ. ಗೊಬ್ಬರದಂಗಡಿಯವರನ್ನು ಕೇಳಿ ನೋಡಿ. ನಾವು ಹಾಕುವ ಪೊಟ್ಯಾಷ್ ಹೆಚ್ಚುಕಡಿಮೆ ಪೂರ್ತಿ ಹೊರದೇಶದ್ದು. ಕೆನಡಾ, ರಷ್ಯಾ, ಬೆಲಾರುಸ್‌ಗಳು ಅದರ ದೊಡ್ಡ ಮನೆಗಳು. 2022ರ ಫೆಬ್ರುವರಿಯಲ್ಲಿ ಯುಕ್ರೇನಿನ ಮೇಲೆ ಯುದ್ಧ ಶುರುವಾದಾಗ ಚೀಲದ ಬೆಲೆ ಏರಿದ್ದು ನಮ್ಮೂರಲ್ಲಿ. ಅದೇ ವರ್ಷ ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ತಾಳೆ ಎಣ್ಣೆಯ ರಫ್ತು ನಿಲ್ಲಿಸಿತು, ಮೇ ತಿಂಗಳಲ್ಲಿ ಮತ್ತೆ ಬಿಟ್ಟಿತು. 2024ರ ಸೆಪ್ಟೆಂಬರಿನಲ್ಲಿ ದಿಲ್ಲಿಯವರು ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಆಮದು ಸುಂಕವನ್ನು ಶೇ. 20ಕ್ಕೆ ಏರಿಸಿದರು, 2025ರ ಮೇ ಕೊನೆಗೆ ಶೇ. 10ಕ್ಕೆ ಇಳಿಸಿದರು. ಶೇಂಗಾ ಬಿತ್ತುವವನೂ ಶೇಂಗಾ ಕೊಳ್ಳುವವನೂ ಇದನ್ನೆಲ್ಲ ಆದ ಮೇಲೆ ತಿಳಿಯುತ್ತಾರೆ. ತಿಳಿಯುವುದೂ ‘ರೇಟು ಬಿತ್ತು’ ಅನ್ನುವ ಎರಡು ಶಬ್ದದಲ್ಲಿ. ಬೀಳುವುದು ಏಕೆ, ಏಳುವುದು ಯಾವಾಗ ಎಂಬ ಮಾತಿಗೆ ಹೊತ್ತು ಬೇಕು.

ಇತಿಹಾಸದ ಗತಿಯೂ ಇದೇ. ‘ಅಶೋಕನ ಶಾಸನ ನಮ್ಮದು’ ಎಂದು ಈ ಕಡೆಯವರದೊಂದು ವಿಡಿಯೊ, ‘ನಮ್ಮದು’ ಎಂದು ಆ ಕಡೆಯವರದೊಂದು. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳಲ್ಲೂ ಶಾಸನವಿದೆ, ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲೂ ಇದೆ. ಬಲ್ಲವರೊಬ್ಬರು ಸಾವಧಾನವಾಗಿ ಹೇಳಿದರೆ ತಿಳಿಯುತ್ತದೆ: ಆ ಕಲ್ಲಿನ ಮೇಲಿರುವುದು ಕನ್ನಡವೂ ಅಲ್ಲ, ತೆಲುಗೂ ಅಲ್ಲ, ಬ್ರಾಹ್ಮಿ ಲಿಪಿಯ ಪ್ರಾಕೃತ. ಎರ್ರಗುಡಿಯ ಕಿರುಶಾಸನದಲ್ಲಿ ಕೆಲವು ಸಾಲುಗಳು ಎಡದಿಂದ ಬಲಕ್ಕೆ ಹೋಗಿ, ಮುಂದಿನ ಸಾಲು ಬಲದಿಂದ ಎಡಕ್ಕೆ ಬರುತ್ತದೆ. ಹೊಲದ ತುದಿಯಲ್ಲಿ ಎತ್ತು ತಿರುಗಿದ ಹಾಗೆ! ಅಲ್ಲಿಯೇ ಕೆತ್ತಿರುವ ಹನ್ನೆರಡನೇ ಶಾಸನ ಹೇಳುವುದು, ನಾಲಿಗೆ ಹಿಡಿತದಲ್ಲಿರಲಿ, ಇನ್ನೊಬ್ಬರ ಧರ್ಮದ ಮಾತನ್ನೂ ಕೇಳಿಸಿಕೊಳ್ಳಿ ಎಂದು. ಕಲ್ಲಿಗಾಗಿ ಜಗಳಾಡುವ ನಮಗೆ ಆ ಕಲ್ಲಿನ ಮಾತೇ ತಿಳಿದಿಲ್ಲ.

ಹಾಗೆ ನೋಡಿದರೆ ಈ ಪದ್ಧತಿ ನಮಗೆ ಹೊಸದೇನಲ್ಲ. ಅಲ್ಲಮಪ್ರಭು ಸಿದ್ಧರಾಮರೊಡನೆ, ಮುಕ್ತಾಯಕ್ಕನೊಡನೆ, ಅಕ್ಕಮಹಾದೇವಿಯೊಡನೆ ನಡೆಸಿದ ಪ್ರಶ್ನೋತ್ತರವೇ ಶೂನ್ಯಸಂಪಾದನೆ. ಅಲ್ಲಿ ಯಾರೂ ಯಾರ ಮಾತಿಗೂ ಸುಮ್ಮನೆ ತಲೆಯಾಡಿಸುವುದಿಲ್ಲ. ಭಾಷೆಯಿಂದ ಭಾಷೆಗೆ ದಾಟಿಸುವುದೂ ಹೊಸದಲ್ಲ. ತೆಲುಗಿನ ಪಾಲ್ಕುರಿಕಿ ಸೋಮನಾಥನ ಬಸವಪುರಾಣವನ್ನು ಭೀಮಕವಿ 1369ರಲ್ಲೇ ಕನ್ನಡಕ್ಕೆ ತಂದ. ಆಗ ಆದದ್ದು ಈಗ ಆಗಲಾರದೇ?

ಉದ್ದ ಮಾತೆಲ್ಲ ನಿಜದ ಮಾತು ಎಂದು ನಾನು ಹೇಳುವುದಿಲ್ಲ. ಮೂರು ಗಂಟೆ ಸುಳ್ಳು ಹೇಳುವವರೂ ಇದ್ದಾರೆ. ಕೇಳುವವನು ಮರುಪ್ರಶ್ನೆ ಹಾಕದಿದ್ದರೆ ಅದು ಮಾತುಕತೆಯಲ್ಲ, ಭಜನೆ. ಇನ್ನೊಂದು ಅಪಾಯವೂ ಉಂಟು. ಗೇಟಿನ ವಿಷಯ ಬಲ್ಲವನು ಯುದ್ಧದ ವಿಷಯವನ್ನೂ ಬಲ್ಲನೆಂದೇನಿಲ್ಲ. ಹೆಸರು ಬಂದ ಮೇಲೆ ಎಲ್ಲದಕ್ಕೂ ಉತ್ತರ ಹೇಳುವ ಚಟ ಪಂಡಿತರಿಗೂ ಅಂಟುತ್ತದೆ. ನನಗೇ ಅಂಟಿತ್ತಲ್ಲ! ‘ಇದು ನನಗೆ ಗೊತ್ತಿಲ್ಲ’ ಎಂದು ನಡುವೆ ಒಮ್ಮೆಯಾದರೂ ಹೇಳುವ ತಜ್ಞನನ್ನು ನಾನು ಹೆಚ್ಚು ನಂಬುತ್ತೇನೆ. ಅವತ್ತು ಹುಡುಗನಿಗೆ ನಾನು ಹೇಳಬೇಕಾಗಿದ್ದೂ ಆ ಮಾತೇ.

ಹೊತ್ತೆಲ್ಲಿದೆ ಎನ್ನುವಿರಾ? ರಾತ್ರಿ ಕರೆಂಟು ಬಂದಾಗ ಬದುವಿನ ಮೇಲೆ ಕೂತು ನೀರು ಕಾಯುತ್ತೇವೆ. ಬಳ್ಳಾರಿ ಮಾರ್ಕೆಟ್ಟಿಗೆ ಬಸ್ಸಿನಲ್ಲಿ ಹೋಗಿ ಬರುತ್ತೇವೆ. ಮಧ್ಯಾಹ್ನ ಗಿರಾಕಿಯಿಲ್ಲದ ಅಂಗಡಿಯಲ್ಲಿ ಸಾಹುಕಾರರು ಗಲ್ಲೆಯ ಮುಂದೆ ಕೂತೇ ಇರುತ್ತಾರೆ. ಅರ್ಧ ನಿಮಿಷದ ವಿಡಿಯೊಗಳನ್ನು ಒಂದರ ಮೇಲೊಂದು ತಳ್ಳುತ್ತ ಎರಡು ಗಂಟೆ ಕಳೆಯುವ ನಮಗೆ ಅದೇ ಎರಡು ಗಂಟೆ ಒಬ್ಬ ತಿಳಿದವನ ಮಾತಿಗೆ ಸಿಗುವುದಿಲ್ಲವೇ?

ಆಗಬೇಕಾದ್ದು ದೊಡ್ಡದೇನಲ್ಲ. ಹೊಸಪೇಟೆಯಲ್ಲಿ ಆಕಾಶವಾಣಿಯಿದೆ, ಅನಂತಪುರದಲ್ಲೂ ಇದೆ. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಆಂಧ್ರದಲ್ಲಿ ಎನ್.ಜಿ. ರಂಗಾ ವಿಶ್ವವಿದ್ಯಾಲಯವಿದೆ. ತಿಂಗಳಿಗೊಬ್ಬ ತಜ್ಞರನ್ನು ಕರೆದು ಎರಡು ಗಂಟೆ ಕೂರಿಸಲಿ. ಅವರು ತಮಗೆ ಬಂದ ಭಾಷೆಯಲ್ಲಿ ಹೇಳಲಿ, ಇನ್ನೊಂದು ಭಾಷೆಗೆ ತಿರುಗಿಸಲು ಗಡಿಯಲ್ಲಿ ನಮ್ಮಂಥ ಎರಡು ನಾಲಿಗೆಯವರಿಗೇನು ಬರವೇ? ಪ್ರಶ್ನೆಗಳು ಮಾತ್ರ ಊರಿನವರಿಂದ ಬರಬೇಕು. ರೆಕಾರ್ಡು ಮಾಡಿ ಫೋನಿಗೂ ಬಿಡಲಿ. ಗಡಿ ಕನ್ನಡಿಗರ ಹೆಸರಿನಲ್ಲಿ ವರ್ಷಕ್ಕೊಂದು ಉತ್ಸವ, ಹಾರ, ಶಾಲು ಆಗುತ್ತಲೇ ಇವೆ. ಆ ಖರ್ಚಿನ ಒಂದು ಪಾಲು ಇದಕ್ಕೆ ಸಾಕು. ಎರಡು ಸರ್ಕಾರಗಳ ನಡುವೆ ಇರುವ ನಮಗೆ ಎರಡೂ ಕಡೆಯಿಂದ ಬರುವುದು ಅರ್ಧರ್ಧ ಸುದ್ದಿ. ಪೂರ್ತಿ ಮಾತು ಕೇಳುವ ಹಕ್ಕು ನಮಗೂ ಇದೆ. ಸಂಬಂಧಪಟ್ಟವರು ಇತ್ತ ಗಮನ ಕೊಡಬೇಕು.

2025ರ ಮಳೆಗಾಲದಲ್ಲಿ ಗೇಟುಗಳ ಸುರಕ್ಷತೆಗಾಗಿ ಡ್ಯಾಮಿನಲ್ಲಿ 80 ಟಿಎಂಸಿಯಷ್ಟೇ ನಿಲ್ಲಿಸುವುದೆಂದು ಸುದ್ದಿ ಬಂದಾಗ ಆ ಹುಡುಗ ಮತ್ತೆ ನನ್ನ ಹತ್ತಿರವೇ ಬಂದ. ‘ಮಾವಾ, ಈ ಸಲ?’ ಅಂದ. ನಾನು ಉತ್ತರ ಹೇಳಲಿಲ್ಲ. ಹೊಸಪೇಟೆಯ ಆ ಎಂಜಿನಿಯರರಿಗೆ ಫೋನು ಹಚ್ಚಿ ಅವನ ಕೈಗೇ ಕೊಟ್ಟೆ. ಮುಕ್ಕಾಲು ಗಂಟೆ ಮಾತಾಡಿದ. ನಡುವೆ ನಾಲ್ಕು ಸಲ ‘ಅದ್ಯಾಕ್ ಸಾರ್?’ ಅಂತ ಕೇಳಿದ. ಆಮೇಲೆ ಎಷ್ಟು ಎಕರೆಗೆ ಸಸಿ ಬಿಡಬೇಕೆಂಬ ಲೆಕ್ಕವನ್ನು ಅವನೇ ಹಾಕಿಕೊಂಡ.